ಗೋಲು ಅವನದು, ಬಿಡುವು ಯಾರದು?

ಕ್ರೀಡಾ ಕ್ವಿಜ್‌ಗಳಲ್ಲಿ ಓಡಾಡಿಕೊಂಡಿರುವ ಒಂದು ಪ್ರಶ್ನೆಯಿದೆ: ಅಧಿಕೃತ ಅಂತರರಾಷ್ಟ್ರೀಯ ಫುಟ್‌ಬಾಲ್‌ನ ಮೊಟ್ಟಮೊದಲ ಗೋಲು ಹೊಡೆದ ಆಟಗಾರ ಹುಟ್ಟಿದ್ದು ಭಾರತದ ಯಾವ ಊರಿನಲ್ಲಿ? ಊರು ರಾಜಕೋಟ್, ಆಟಗಾರ ವಿಲಿಯಂ ಕೆನ್ಯನ್-ಸ್ಲೇನಿ. ಬೆಂಗಳೂರಿನ ಒಂದು ಕಾಲೇಜಿನಲ್ಲಿ ಈ ಪ್ರಶ್ನೆಯನ್ನು ನಾನೇ ಕೇಳಿದ್ದೇನೆ. ಉತ್ತರ ಹೊರಬಿದ್ದ ಕೂಡಲೇ ಹಿಂದಿನ ಬೆಂಚಿನ ಹುಡುಗರು ಚಪ್ಪಾಳೆ ಹೊಡೆದರು, ನಮ್ಮ ಮನೆಯ ಹುಡುಗನೊಬ್ಬ ಗೆದ್ದು ಬಂದ ಹಾಗೆ. ಆ ಖುಷಿಯನ್ನು ನಾನೂ ಹಂಚಿಕೊಂಡೆ. ಆದರೆ ಆಮೇಲೆ ಈ ಮನುಷ್ಯನ ಬದುಕನ್ನು ಕೂತು ಓದಿದಷ್ಟೂ ಆ ಚಪ್ಪಾಳೆ ಸಂದದ್ದು ತಪ್ಪು ವಿಳಾಸಕ್ಕೆ ಎಂಬುದು ಖಚಿತವಾಗುತ್ತ ಹೋಯಿತು.

ಕೆನ್ಯನ್-ಸ್ಲೇನಿಯ ಬಗ್ಗೆ ಚಾಲ್ತಿಯಲ್ಲಿರುವ ಮಾತು ಎರಡು. ಒಂದು ನಮ್ಮದು: ಫುಟ್‌ಬಾಲ್‌ನ ಮೊದಲ ಗೋಲಿನಲ್ಲಿ ಭಾರತದ ಮಣ್ಣಿನ ಪಾಲಿದೆ. ಇನ್ನೊಂದು ಇಂಗ್ಲಿಷರದು, ನಮ್ಮಲ್ಲಿಯೂ ಬೇರುಬಿಟ್ಟಿರುವುದು: ಆತ ಹಣದ ಸೋಂಕು ತಗುಲುವ ಮೊದಲಿನ ಕಾಲದ ಹವ್ಯಾಸಿ, ಆಟದ ಪ್ರೀತಿಗಾಗಿಯೇ ಆಡಿದವನು, ಆಮೇಲೆ ಗಿರಣಿ ಊರುಗಳ ಕೂಲಿಯಾಳುಗಳು ಬಂದರು, ಸಂಬಳ ಬಂತು, ಆ ಮುಗ್ಧತೆ ಕಳೆದುಹೋಯಿತು. ಮೊದಲನೆಯದು ಅಭಿಮಾನದ ಮಾತು, ಎರಡನೆಯದು ಹಳಹಳಿಕೆಯ ಮಾತು. ಎರಡರಲ್ಲೂ ಒಂದೇ ಕೊರತೆ ಇದೆ. ಆತನ ಕಾಲು ಚೆಂಡನ್ನು ಒದ್ದದ್ದನ್ನು ನೋಡುತ್ತವೆ. ಶನಿವಾರವೋ ಮಂಗಳವಾರವೋ ಮಧ್ಯಾಹ್ನ ಆ ಕಾಲು ಮೈದಾನದಲ್ಲಿರಲು ಬೇಕಾದ ಬಿಡುವು ಯಾರ ಗಂಟಿನಿಂದ ಬಂತು ಎಂದು ಕೇಳುವುದಿಲ್ಲ. ನನ್ನ ಜಗಳ ಇರುವುದು ಅಲ್ಲಿ.

ಮೊದಲು ಆ ಗೋಲನ್ನೇ ನೋಡೋಣ. 1873ರ ಮಾರ್ಚ್ 8, ಶನಿವಾರ, ಲಂಡನ್ನಿನ ಕೆನ್ನಿಂಗ್ಟನ್ ಓವಲ್. ಹಿಂದಿನ ನವೆಂಬರ್ 30ರಂದು ಗ್ಲಾಸ್ಗೋದಲ್ಲಿ ಇದೇ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಆಡಿ ಒಂದೂ ಗೋಲಿಲ್ಲದೆ ಮನೆಗೆ ಹೋಗಿದ್ದವು. ಓವಲ್‌ನಲ್ಲಿ ನೆಟ್ಟಿದ್ದದ್ದು ಎರಡೆರಡು ಕಂಬ. ಮೇಲೆ ಅಡ್ಡಮರವಿಲ್ಲ, ಎಂಟು ಅಡಿ ಎತ್ತರದಲ್ಲಿ ಬಿಗಿದ ಪಟ್ಟಿ. ಹಿಂದೆ ಬಲೆಯಿಲ್ಲ. ಪೆನಾಲ್ಟಿ ಎಂಬುದು ಇನ್ನೂ ಯಾರ ತಲೆಗೂ ಬಂದಿಲ್ಲ. ಗೋಲಾದಾಗಲೆಲ್ಲ ತಂಡಗಳು ಮೈದಾನದ ತುದಿ ಬದಲಿಸಿಕೊಳ್ಳಬೇಕು ಎಂಬುದು ಆಗಿನ ನಿಯಮ. ಹೀಗಾಗಿ, ಆಟ ಶುರುವಾದ ಒಂದೆರಡು ನಿಮಿಷದಲ್ಲೇ ಕೆನ್ಯನ್-ಸ್ಲೇನಿ ಚೆಂಡನ್ನು ಆ ಪಟ್ಟಿಯ ಕೆಳಗೆ ದಾಟಿಸಿದಾಗ, ಇಪ್ಪತ್ತೆರಡು ಜನ ಮೈ ಬಿಸಿಯಾಗುವ ಮೊದಲೇ ಒಬ್ಬರನ್ನೊಬ್ಬರು ಹಾದು ಎದುರು ತುದಿಗೆ ಹೋಗಬೇಕಾಯಿತು. ಅಂತರರಾಷ್ಟ್ರೀಯ ಫುಟ್‌ಬಾಲ್‌ನ ಮೊದಲ ಗೋಲಿಗೆ ಸಿಕ್ಕ ಮೊದಲ ಪ್ರತಿಕ್ರಿಯೆ ಈ ಸಾಮೂಹಿಕ ನಡಿಗೆ. ನನಗೆ ಆ ದೃಶ್ಯ ತುಂಬ ಇಷ್ಟ.

ಇಂಗ್ಲೆಂಡಿನ ಎರಡನೆಯದನ್ನು ಬಾನ್ಸರ್ ಹೊಡೆದ. ಸ್ಕಾಟ್ಲೆಂಡ್ ಪರವಾಗಿ ಹೆನ್ರಿ ರೆನಿ-ಟೇಲ್ಯೂರ್ ಒಂದು, ವಿಲಿಯಂ ಗಿಬ್ ಒಂದು ಹೊಡೆದು ಆಟ ಸಮವಾಯಿತು. ಆಗ ಮತ್ತೆ ಕೆನ್ಯನ್-ಸ್ಲೇನಿ, ಕೊನೆಗೆ ಚೆನರಿ. 4-2. ತಂಡದ ನಾಲ್ಕರಲ್ಲಿ ಎರಡು ಗೋಲು, ಅದೂ ಒಂದು ಆಟದ ಬಾಗಿಲು ತೆರೆದದ್ದು, ಇನ್ನೊಂದು ಕೈಜಾರುತ್ತಿದ್ದ ಆಟವನ್ನು ಹಿಡಿದು ನಿಲ್ಲಿಸಿದ್ದು. ಆಮೇಲೆ ಆತ ಇಂಗ್ಲೆಂಡಿಗೆ ಆಡಲೇ ಇಲ್ಲ. ಆಡಿದ್ದು ಒಂದೇ ಪಂದ್ಯ, ಹೊಡೆದದ್ದು ಎರಡು ಗೋಲು. ಆತನ ಆಟದ ಬಗ್ಗೆ ನನಗೆ ತಕರಾರಿಲ್ಲ.

ರೆನಿ-ಟೇಲ್ಯೂರ್ ಹೊಡೆದದ್ದು ಸ್ಕಾಟ್ಲೆಂಡಿನ ಮೊದಲ ಅಧಿಕೃತ ಗೋಲು. ಆತ ಹುಟ್ಟಿದ್ದು 1849ರಲ್ಲಿ, ಮಸ್ಸೂರಿಯಲ್ಲಿ. ಇಂಗ್ಲೆಂಡಿನ ಮೊದಲ ಗೋಲು ರಾಜಕೋಟ್‌ನಲ್ಲಿ ಹುಟ್ಟಿದವನದು, ಸ್ಕಾಟ್ಲೆಂಡಿನ ಮೊದಲ ಗೋಲು ಮಸ್ಸೂರಿಯಲ್ಲಿ ಹುಟ್ಟಿದವನದು. ಕ್ವಿಜ್ ಪ್ರಿಯರು ಇದನ್ನು ಸೋಜಿಗದ ಕಾಕತಾಳೀಯವೆಂದು ಹೇಳಿ ಮುಂದೆ ಹೋಗುತ್ತಾರೆ. ಆದರೆ ಆ ದಿನದ ತಂಡಗಳ ಪಟ್ಟಿಯನ್ನು ನಿಧಾನವಾಗಿ ಓದಿದರೆ ಇದು ಕಾಕತಾಳೀಯವಾಗಿ ಉಳಿಯುವುದಿಲ್ಲ. ಕೆನ್ಯನ್-ಸ್ಲೇನಿ ಗ್ರೆನೇಡಿಯರ್ ಗಾರ್ಡ್ಸ್ ಅಧಿಕಾರಿ. ಇಂಗ್ಲೆಂಡಿನ ಗುಡ್ವಿನ್ ಮತ್ತು ವಾನ್ ಡೊನಾಪ್ ರಾಯಲ್ ಎಂಜಿನಿಯರ್ಸ್ ದಳದವರು. ಎದುರಿನ ಸ್ಕಾಟ್ಲೆಂಡಿನ ರೆನಿ-ಟೇಲ್ಯೂರ್ ಮತ್ತು ಬ್ಲ್ಯಾಕ್‌ಬರ್ನ್ ಕೂಡ ಅದೇ ದಳದವರು. ಇಪ್ಪತ್ತೆರಡರಲ್ಲಿ ಐವರು ಸೇವೆಯಲ್ಲಿದ್ದ ಸೇನಾಧಿಕಾರಿಗಳು. ಗ್ಲಾಸ್ಗೋದ ಕ್ವೀನ್ಸ್ ಪಾರ್ಕ್ ಕ್ಲಬ್ಬಿಗೆ ಇಡೀ ಸ್ಕಾಟ್ಲೆಂಡ್ ತಂಡವನ್ನು ಲಂಡನ್ನಿಗೆ ಕಳಿಸುವಷ್ಟು ರೈಲು ಚಾರ್ಜು ಹೊಂದಿಸಲು ಆಗಿರಲಿಲ್ಲ. ತುಂಬದೆ ಉಳಿದ ಜಾಗಗಳಿಗೆ ದಕ್ಷಿಣದಲ್ಲೇ ಇದ್ದ ಸ್ಕಾಟ್ ಮೂಲದವರು ಬಂದರು. ಅವರಲ್ಲಿ ಇಬ್ಬರು ಎಂಜಿನಿಯರ್ಸ್ ಅಧಿಕಾರಿಗಳು, ಒಬ್ಬ ಕಿನೇರ್ಡ್ ಪ್ರಭುವಿನ ಮಗ. ದೇಶವನ್ನು ಪ್ರತಿನಿಧಿಸುವ ಮಾತು ಹಾಗಿರಲಿ; ಯಾರ ಕೈಯಲ್ಲಿ ಸಮಯವಿತ್ತೋ, ಯಾರಿಗೆ ಪ್ರಯಾಣದ ಖರ್ಚು ಹೊರೆಯಾಗಿರಲಿಲ್ಲವೋ ಅವರು ಆ ದಿನ ದೇಶವಾದರು.

ಈಗ ರಾಜಕೋಟ್. ಕೆನ್ಯನ್-ಸ್ಲೇನಿ ಹುಟ್ಟಿದ್ದು 1847ರ ಆಗಸ್ಟ್ 24ರಂದು. ತಂದೆ ವಿಲಿಯಂ ಕೆನ್ಯನ್ ಬಾಂಬೆ ಅಶ್ವದಳದ ಕ್ಯಾಪ್ಟನ್. ರಾಜಕೋಟ್ ಆಗ ಕಾಠಿಯಾವಾಡದ ಸಂಸ್ಥಾನಗಳ ಮೇಲೆ ಕಣ್ಣಿಟ್ಟಿದ್ದ ಬ್ರಿಟಿಷ್ ಏಜೆನ್ಸಿಯ ಕೇಂದ್ರ. ಆ ಅಶ್ವದಳಕ್ಕೆ ಸಂಬಳ ಕೊಡುತ್ತಿದ್ದದ್ದು ಈಸ್ಟ್ ಇಂಡಿಯಾ ಕಂಪನಿ. ಕಂಪನಿಗೆ ಹಣ ಬರುತ್ತಿದ್ದದ್ದು ಈ ನೆಲದ ಕಂದಾಯದಿಂದ. ಭಾರತ ಈ ಮನುಷ್ಯನ ಬದುಕಿನಲ್ಲಿ ಇರುವುದು ಇಲ್ಲಿ, ಅಪ್ಪನ ಸಂಬಳದ ಲೆಕ್ಕದಲ್ಲಿ. ಮಗ ಬೆಳೆದದ್ದು ಎಟನ್ ಶಾಲೆಯಲ್ಲಿ, ಓದಿದ್ದು ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್‌ನಲ್ಲಿ. ಆತನ ಕಾಲಿಗೆ ಫುಟ್‌ಬಾಲ್ ಕಲಿಸಿದ್ದು ಎಟನ್ನಿನ ಹುಲ್ಲು. ರಾಜಕೋಟಿನ ಧೂಳಿಗೂ ಆ ಗೋಲಿಗೂ ಸಂಬಂಧವಿಲ್ಲ.

ಹುಟ್ಟಿದ ಊರೇ ಮುಖ್ಯ ಎನ್ನುವವರ ಮುಂದೆ ನಾನು ಇನ್ನೊಬ್ಬ ಕಾಠಿಯಾವಾಡದವನನ್ನು ನಿಲ್ಲಿಸುತ್ತೇನೆ. ರಣಜಿತ್‌ಸಿಂಹಜಿ ಓದಿದ್ದು ಅದೇ ರಾಜಕೋಟಿನ ರಾಜಕುಮಾರ್ ಕಾಲೇಜಿನಲ್ಲಿ. 1896ರಲ್ಲಿ ಆಸ್ಟ್ರೇಲಿಯ ತಂಡ ಇಂಗ್ಲೆಂಡಿಗೆ ಬಂದಾಗ ಆತನ ಬ್ಯಾಟು ಇಡೀ ದೇಶದ ಮಾತಾಗಿತ್ತು. ಆದರೂ ಲಾರ್ಡ್ಸ್ ಟೆಸ್ಟಿಗೆ ತಂಡ ಆರಿಸಿದ ಎಂಸಿಸಿ ಆತನನ್ನು ಕೈಬಿಟ್ಟಿತು. ಭಾರತದಲ್ಲಿ ಹುಟ್ಟಿದವನು ಇಂಗ್ಲೆಂಡಿಗೆ ಆಡಬಹುದೇ ಎಂದು ಪತ್ರಿಕೆಗಳಲ್ಲಿ ಚರ್ಚೆ ನಡೆಯಿತು. ಆ ಕಾಲದಲ್ಲಿ ಪಂದ್ಯ ನಡೆಸುವ ಮೈದಾನದವರೇ ತಂಡ ಆರಿಸುತ್ತಿದ್ದರಿಂದ ಓಲ್ಡ್ ಟ್ರಾಫರ್ಡ್ ಟೆಸ್ಟಿಗೆ ಲ್ಯಾಂಕಷೈರಿನವರು ಆತನನ್ನು ಕರೆದರು. ಆತ 62 ಮತ್ತು ಔಟಾಗದೆ 154 ಹೊಡೆದ. ಅದಕ್ಕೂ ಮೊದಲೇ ಇಂಗ್ಲೆಂಡಿನ ನಾಯಕನಾಗಿದ್ದ ಲಾರ್ಡ್ ಹ್ಯಾರಿಸ್ ಹುಟ್ಟಿದ್ದು ಟ್ರಿನಿಡಾಡ್‌ನಲ್ಲಿ; ಯಾರೂ ಅದನ್ನು ಎತ್ತಲಿಲ್ಲ. (ಆ ಮನೆತನಕ್ಕೆ ಬಂದ ಬಿರುದು 'ಶ್ರೀರಂಗಪಟ್ಟಣ ಮತ್ತು ಮೈಸೂರಿನ ಬ್ಯಾರನ್ ಹ್ಯಾರಿಸ್' ಎಂಬುದನ್ನು ನಮ್ಮ ಓದುಗರು ನೆನಪಿಡಬೇಕು, 1799ರಲ್ಲಿ ಕೋಟೆ ಮುತ್ತಿದ ಜನರಲ್ ಹ್ಯಾರಿಸನ ವಂಶ ಅದು.) ರಾಜಕೋಟ್‌ನಲ್ಲಿ ಹುಟ್ಟಿದ ಕೆನ್ಯನ್-ಸ್ಲೇನಿಗೂ 1873ರಲ್ಲಿ ಆ ಪ್ರಶ್ನೆ ಎದುರಾಗಲಿಲ್ಲ. ಹುಟ್ಟೂರು ಎಂಬುದು ಆಗ ಯಾರ ಮೈಗೆ ಅಂಟಬೇಕು, ಯಾರ ಮೈಯಿಂದ ಉದುರಬೇಕು ಎಂಬುದು ಬಣ್ಣದ ಮೇಲೆ ನಿರ್ಧಾರವಾಗುತ್ತಿತ್ತು. ಅಂದು ಉದುರಿಹೋದ ರಾಜಕೋಟನ್ನು ನಾವು ಇಂದು ಹೆಕ್ಕಿ ಆತನ ಎದೆಗೆ ಪದಕದ ಹಾಗೆ ಚುಚ್ಚುವುದು ರಣಜಿಗೆ ಮಾಡುವ ಅನ್ಯಾಯ. ರಾಜಕೋಟಿನ ಹುಡುಗರು ಚಪ್ಪಾಳೆ ಹೊಡೆಯಬೇಕಾದದ್ದು ಆ 154ಕ್ಕೆ.

ಎರಡನೆಯ ಮಾತು ಹೆಚ್ಚು ಗಟ್ಟಿಯಾದದ್ದು, ಆದ್ದರಿಂದ ಹೆಚ್ಚು ಅಪಾಯದ್ದು. 'ಹವ್ಯಾಸಿ' ಎಂಬ ಪದಕ್ಕೆ ಕನ್ನಡದಲ್ಲಿಯೂ ಒಂದು ಹೊಳಪಿದೆ. ಹವ್ಯಾಸಿ ನಾಟಕ ಎಂದಾಗ ನಮ್ಮ ದನಿ ಒಂದು ಮೆಟ್ಟಿಲು ಮೇಲೇರುತ್ತದೆ, ಕಂಪನಿ ನಾಟಕ ಎಂದಾಗ ಇಳಿಯುತ್ತದೆ. ಆ ಹೊಳಪನ್ನು ಪಕ್ಕಕ್ಕಿಟ್ಟು ಲೆಕ್ಕ ನೋಡೋಣ. ಕೆನ್ಯನ್-ಸ್ಲೇನಿ ಗ್ರೆನೇಡಿಯರ್ ಗಾರ್ಡ್ಸ್ ಸೇರಿದ್ದು 1867ರ ನವೆಂಬರಿನಲ್ಲಿ. ಕಾರ್ಡ್‌ವೆಲ್ ಸುಧಾರಣೆ ಬಂದು ಅಧಿಕಾರ ಪದವಿಗಳ ಮಾರಾಟ ನಿಂತದ್ದು 1871ರಲ್ಲಿ. ಅಲ್ಲಿಯವರೆಗೆ ಗಾರ್ಡ್ಸ್ ಪದಾತಿದಳದ ಅತಿ ಕೆಳಗಿನ ಅಧಿಕಾರ ಪದವಿಯ ನಿಗದಿತ ಬೆಲೆ 1,200 ಪೌಂಡ್. ಸಾಮಾನ್ಯ ಪದಾತಿದಳದಲ್ಲಿ ಅದೇ ಪದವಿ 450. ಗಾರ್ಡ್ಸ್ ಅಧಿಕಾರಿಗೆ ಶಾಂತಿಕಾಲದಲ್ಲಿ ಕೆಲಸ ಬಹುಪಾಲು ಲಂಡನ್ ಮತ್ತು ವಿಂಡ್ಸರ್‌ನಲ್ಲಿ, ರಜೆ ವರ್ಷಕ್ಕೆ ತಿಂಗಳುಗಟ್ಟಲೆ. ಓವಲ್ ಒಂದು ಗಾಡಿ ಪ್ರಯಾಣದ ದೂರ. ಆಟಗಾರನೊಬ್ಬನಿಗೆ ಇದಕ್ಕಿಂತ ಅನುಕೂಲದ ಕೆಲಸವನ್ನು ಯಾವ ಗಿರಣಿ ಮಾಲೀಕನೂ ಕೊಡಲಾರ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ನ್ಯಾಯವಾದ ಆಕ್ಷೇಪ. ಗಾರ್ಡ್ಸ್ ಅಧಿಕಾರಿಯ ಸಂಬಳ ಆತನ ಮೆಸ್ಸಿನ ಖರ್ಚಿಗೂ ಸಾಲುತ್ತಿರಲಿಲ್ಲ. ಆತ ಕೈಯಿಂದ ಹಣ ಹಾಕಿ ಸೇವೆ ಮಾಡುತ್ತಿದ್ದ. ಹಾಗಿರುವಾಗ ಸೇನೆ ಆತನ ಆಟಕ್ಕೆ ಹಣ ಕೊಟ್ಟಿತು ಎನ್ನುವುದು ಹೇಗೆ? ಒಪ್ಪುತ್ತೇನೆ. ಕೆನ್ಯನ್-ಸ್ಲೇನಿಯ ಬಿಡುವನ್ನು ಕೊಟ್ಟದ್ದು ಖಜಾನೆಗಿಂತ ಹೆಚ್ಚಾಗಿ ಜಮೀನು. ಶ್ರಾಪ್‌ಶೈರಿನ ಹ್ಯಾಟನ್ ಗ್ರೇಂಜ್ ಎಸ್ಟೇಟು, ಅದರ ಗೇಣಿ. ಆದರೆ ಈ ಆಕ್ಷೇಪ ನನ್ನ ವಾದವನ್ನು ಸಡಿಲ ಮಾಡುವುದಿಲ್ಲ, ಬಿಗಿ ಮಾಡುತ್ತದೆ. ಯಾರೋ ಉತ್ತು ಬಿತ್ತಿ ಗೇಣಿ ಕಟ್ಟಿದ್ದರಿಂದ ಒಬ್ಬನ ಶನಿವಾರ ಖಾಲಿಯಾಯಿತು. ಅವರ ಹೆಸರು ತಂಡದ ಪಟ್ಟಿಯಲ್ಲಿಲ್ಲ.

ರಾಯಲ್ ಎಂಜಿನಿಯರ್ಸ್ ವಿಷಯ ಬೇರೆ, ಮತ್ತು ಹೆಚ್ಚು ಕುತೂಹಲದ್ದು. ಅಲ್ಲಿ ಪದವಿ ಮಾರಾಟಕ್ಕಿರಲಿಲ್ಲ. ವುಲಿಚ್ ಅಕಾಡೆಮಿಯಲ್ಲಿ ಓದಿ ಪಾಸಾಗಬೇಕು, ಆಮೇಲೆ ಚ್ಯಾಟಮ್‌ನಲ್ಲಿ ಸೇತುವೆ, ಸುರಂಗ, ಕೋಟೆ ಕೆಲಸದ ತರಬೇತಿ. ಎಳೆಯ ಲೆಫ್ಟಿನೆಂಟರು ಒಂದೇ ಬ್ಯಾರಕ್ಕಿನಲ್ಲಿ, ಒಂದೇ ಊಟದ ಮೇಜಿನಲ್ಲಿ, ಒಂದೇ ವೇಳಾಪಟ್ಟಿಯಲ್ಲಿ ಇರುತ್ತಿದ್ದರು. ಅವರ ಫುಟ್‌ಬಾಲ್ ತಂಡವನ್ನು ಕಟ್ಟಿ ಬೆಳೆಸಿದ್ದು ಫ್ರಾನ್ಸಿಸ್ ಮರಿಂಡಿನ್, ಅಲ್ಲಿಯೇ ಹುದ್ದೆಯಲ್ಲಿದ್ದ ಮೇಲಧಿಕಾರಿ. ಚರಿತ್ರೆಯ ಪುಸ್ತಕಗಳು ಹೇಳುವ ಕಥೆ ನಮಗೆ ಗೊತ್ತು: ಇಂಗ್ಲಿಷ್ ಸಿರಿವಂತರು ಚೆಂಡನ್ನು ಕಾಲಿಗಂಟಿಸಿಕೊಂಡು ಒಬ್ಬೊಬ್ಬರೇ ಓಡುತ್ತಿದ್ದರು, ಪಾಸ್ ಕೊಡುವುದನ್ನು ಸ್ಕಾಟರು ಕಲಿಸಿದರು. ಎಂಜಿನಿಯರ್ಸ್ ತಂಡ ಆ ಕಥೆಗೆ ಸಿಗುವುದಿಲ್ಲ. ಅವರು ಎಪ್ಪತ್ತರ ದಶಕದ ಆರಂಭದಲ್ಲೇ ಹೊಂದಾಣಿಕೆಯ ಆಟಕ್ಕೆ ಹೆಸರಾಗಿದ್ದರು. ಇದಕ್ಕೆ ಪ್ರತಿಭೆಯ ಜೊತೆಗೆ ಒಂದು ಸರಳ ಕಾರಣವೂ ಇದೆ ಎಂಬುದು ನನ್ನ ಅಭಿಪ್ರಾಯ. ವಾರವಿಡೀ ಜೊತೆಗಿರುವವರಿಗೆ ಮಾತ್ರ ಚೆಂಡು ಬಿಟ್ಟುಕೊಟ್ಟರೆ ಅದು ಎಲ್ಲಿಗೆ ಮರಳಿ ಬರುತ್ತದೆ ಎಂಬುದು ಗೊತ್ತಿರುತ್ತದೆ.

ಇದಕ್ಕೆ 1875ರ ಎಫ್‌ಎ ಕಪ್ ಫೈನಲ್ ಒಳ್ಳೆಯ ಸಾಕ್ಷಿ. ಎಂಜಿನಿಯರ್ಸ್ ವಿರುದ್ಧ ಎಟನ್ನಿನ ಹಳೆಯ ವಿದ್ಯಾರ್ಥಿಗಳ ತಂಡ ಓಲ್ಡ್ ಎಟೋನಿಯನ್ಸ್. ಮಾರ್ಚ್ 13ರ ಶನಿವಾರ ಓವಲ್‌ನಲ್ಲಿ ಆಡಿದ ಪಂದ್ಯ 1-1. ಎಟೋನಿಯನ್ಸ್ ತಂಡದಲ್ಲಿ ಕೆನ್ಯನ್-ಸ್ಲೇನಿ ಇದ್ದ. ಮರುಪಂದ್ಯ ಮಾರ್ಚ್ 16ರಂದು. ಅದು ಮಂಗಳವಾರ ಎಂಬುದನ್ನು ಗಮನಿಸಬೇಕು. ಎಟೋನಿಯನ್ಸ್ ಹಲವು ಬದಲಾವಣೆಗಳೊಂದಿಗೆ ಇಳಿಯಬೇಕಾಯಿತು. ಎಂಜಿನಿಯರ್ಸ್ 2-0 ಗೆದ್ದು ಕಪ್ ಒಯ್ದರು. ಮಂಗಳವಾರ ಮಧ್ಯಾಹ್ನ ಸರ್ಕಾರಿ ಸಂಬಳದ ಒಂದು ತಂಡ ಚ್ಯಾಟಮ್‌ನಿಂದ ಲಂಡನ್ನಿಗೆ ಬಂದು ಆಡಿ ಹೋಗಬಹುದಾಗಿತ್ತು. ಲ್ಯಾಂಕಷೈರಿನ ನೇಕಾರನಿಗೆ ಆ ಮಂಗಳವಾರ ಮಗ್ಗದ ಮುಂದೆ ಮುಗಿಯಿತು.

ಅಂದಿನ ಕಪ್ಪಿನ ಏರ್ಪಾಡೂ ಈ ಬಿಡುವಿನ ಲೋಕಕ್ಕೆ ತಕ್ಕಂತೆ ಇತ್ತು. 1873ರಲ್ಲಿ ಕೆನ್ಯನ್-ಸ್ಲೇನಿಗೆ ಕಪ್ ಗೆದ್ದ ಪದಕ ಸಿಕ್ಕಿದ್ದು ವಾಂಡರರ್ಸ್ ಪರವಾಗಿ. ಹಿಂದಿನ ವರ್ಷದ ವಿಜೇತರೆಂಬ ಕಾರಣಕ್ಕೆ ವಾಂಡರರ್ಸ್ ನೇರವಾಗಿ ಫೈನಲ್‌ಗೆ ಬಂದಿದ್ದರು. ಮಾರ್ಚ್ 29ರ ಬೆಳಿಗ್ಗೆ ಲಿಲ್ಲಿ ಬ್ರಿಡ್ಜ್‌ನಲ್ಲಿ ಒಂದೇ ಪಂದ್ಯ ಆಡಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯವನ್ನು 2-0ರಿಂದ ಸೋಲಿಸಿ ಕಪ್ ಉಳಿಸಿಕೊಂಡರು. ಬೆಳಿಗ್ಗೆಯೇ ಯಾಕೆ ಆಡಿದರು? ಆ ದಿನ ಆಕ್ಸ್‌ಫರ್ಡ್-ಕೇಂಬ್ರಿಜ್ ದೋಣಿ ಪಂದ್ಯವಿತ್ತು, ಅದನ್ನೂ ನೋಡಬೇಕಿತ್ತು. ಒಂದೇ ದಿನದಲ್ಲಿ ಎರಡು ಬಿಡುವು.

ಈಗ 1883. ಹಳಹಳಿಕೆಯ ಕಥೆಯಲ್ಲಿ ಇದು ಪತನದ ವರ್ಷ. ಬ್ಲ್ಯಾಕ್‌ಬರ್ನ್ ಒಲಿಂಪಿಕ್ ಎಂಬ ಗಿರಣಿ ಊರಿನ ತಂಡ ಓಲ್ಡ್ ಎಟೋನಿಯನ್ಸನ್ನು ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋಲಿಸಿತು. ತಂಡದಲ್ಲಿದ್ದವರು ನೇಕಾರರು, ನೂಲುವವರು, ಕಬ್ಬಿಣದ ಕೆಲಸದವರು, ಕೊಳಾಯಿ ಕೆಲಸದವನೊಬ್ಬ. ಪಂದ್ಯಕ್ಕೆ ಮೊದಲು ಅವರನ್ನು ಬ್ಲ್ಯಾಕ್‌ಪೂಲ್ ಸಮುದ್ರತೀರಕ್ಕೆ ಕರೆದೊಯ್ದು ಕೆಲವು ದಿನ ಅಭ್ಯಾಸ ಮಾಡಿಸಿದ್ದರು. ಖರ್ಚು ಊರಿನ ಕಬ್ಬಿಣದ ಎರಕಶಾಲೆಯ ಮಾಲೀಕನದು. ದಕ್ಷಿಣದ ಜನಕ್ಕೆ ಇದು ಸರಿಬರಲಿಲ್ಲ. ಬೇರೆ ಕೆಲಸವಿಲ್ಲದೆ ಅಷ್ಟು ದಿನ ಆಟವನ್ನೇ ಅಭ್ಯಾಸ ಮಾಡುವುದು ಹವ್ಯಾಸಿಗೆ ಒಪ್ಪುವ ಮಾತಲ್ಲ ಎಂಬ ಗೊಣಗಾಟ. ಚ್ಯಾಟಮ್‌ನ ಬ್ಯಾರಕ್ಕಿನಲ್ಲಿ ವರ್ಷಗಟ್ಟಲೆ ನಡೆದದ್ದನ್ನೇ ಬ್ಲ್ಯಾಕ್‌ಬರ್ನ್‌ನವರು ಕೆಲವೇ ದಿನ ಮಾಡಿದ್ದರು.

ಫುಟ್‌ಬಾಲ್ ಅಸೋಸಿಯೇಷನ್ 1882ರಲ್ಲಿ ಮಾಡಿದ ನಿಯಮ ಈ ತಾರತಮ್ಯವನ್ನು ಬರಹಕ್ಕಿಳಿಸಿತು. ಆಟಗಾರ ತನ್ನ ನಿಜ ಖರ್ಚು ಮತ್ತು ಪಂದ್ಯದಿಂದ ಕಳೆದುಕೊಂಡ ಕೂಲಿಗಿಂತ ಒಂದು ಕಾಸು ಹೆಚ್ಚು ಪಡೆದರೂ ಕಪ್ಪಿನಿಂದ ಹೊರಗೆ. ಓದಲು ಉದಾರವಾಗಿದೆ. ಆದರೆ ಅದು ಯಾರ ಮೇಲೆ ಕಣ್ಣಿಟ್ಟಿದೆ ನೋಡಿ. ಕೂಲಿ ಕಳೆದುಕೊಳ್ಳುವವನು ತನ್ನ ಲೆಕ್ಕ ಒಪ್ಪಿಸಬೇಕು. ಕೂಲಿ ಎಂದೂ ಕಳೆದುಕೊಳ್ಳದವನನ್ನು, ಅಂದರೆ ಮಂಗಳವಾರ ಆಡಿದರೂ ತಿಂಗಳ ಸಂಬಳ ಕಡಿತವಾಗದ ಲೆಫ್ಟಿನೆಂಟನನ್ನು, ಗೇಣಿ ತಪ್ಪದ ಜಮೀನ್ದಾರನನ್ನು, ಆ ನಿಯಮ ಮುಟ್ಟುವುದಿಲ್ಲ. 1884ರಲ್ಲಿ ಪ್ರೆಸ್ಟನ್ ನಾರ್ತ್ ಎಂಡ್ ಹಣ ಕೊಟ್ಟು ಆಡಿಸಿದ್ದಕ್ಕಾಗಿ ಕಪ್ಪಿನಿಂದ ಹೊರಬಿತ್ತು. ಅದರ ವ್ಯವಸ್ಥಾಪಕ ವಿಲಿಯಂ ಸಡೆಲ್ ಆಟಗಾರರಿಗೆ ಊರಿನಲ್ಲಿ ಕೆಲಸ ಕೊಡಿಸಿದ್ದನ್ನು ಮುಚ್ಚಿಡಲಿಲ್ಲ. ಆ ಹೊತ್ತಿಗೆ ಅಸೋಸಿಯೇಷನ್ನಿನ ಅಧ್ಯಕ್ಷ ಯಾರು? ಎಂಜಿನಿಯರ್ಸ್ ತಂಡವನ್ನು ಬೆಳೆಸಿದ ಅದೇ ಮೇಜರ್ ಮರಿಂಡಿನ್. ಆಟದ ಮೇಲೆ ಆತನಿಗಿದ್ದ ನಿಷ್ಠೆ ದೊಡ್ಡದು, ಅದನ್ನು ನಾನು ಗೌರವಿಸುತ್ತೇನೆ. ಆದರೆ ಅಧಿಕಾರಿಗೆ ಸಿಗುವ ರಜೆ ಸಹಜವಾದದ್ದು, ಕೂಲಿಯಾಳಿಗೆ ಕೊಡಿಸುವ ರಜೆ ವಿಚಾರಣೆಗೆ ಒಳಪಡಬೇಕಾದದ್ದು ಎಂಬ ವ್ಯವಸ್ಥೆಯ ತಲೆಯ ಮೇಲೆ ಆತ ಕೂತಿದ್ದ. 1885ರ ಜುಲೈನಲ್ಲಿ ಸಂಬಳದ ಆಟಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕಿತು. ಅಂದು ಹೊಸದಾಗಿ ಏನೂ ಹುಟ್ಟಲಿಲ್ಲ. ಇದ್ದದ್ದು ಲೆಕ್ಕದ ಪುಸ್ತಕಕ್ಕೆ ಬಂತು.

ಅಧಿಕಾರಿಗೆ ಸಂಬಳ ಯುದ್ಧಸೇವೆಗೆ, ಫುಟ್‌ಬಾಲಿಗಲ್ಲ ಎಂದು ಯಾರಾದರೂ ಹೇಳಬಹುದು. ಸರಿ. ಗಿರಣಿಯವನಿಗೆ ಸಂಬಳ ಮಗ್ಗಕ್ಕೆ, ಫುಟ್‌ಬಾಲಿಗಲ್ಲ ಎಂಬುದನ್ನೂ ಆಗ ಒಪ್ಪಬೇಕು.

ಹಾಗೆಂದು ಆ ಅಧಿಕಾರಿಗಳ ಪ್ರೀತಿ ಸುಳ್ಳು ಎಂದು ನಾನು ಹೇಳುತ್ತಿಲ್ಲ. 1872ರ ಮೊಟ್ಟಮೊದಲ ಕಪ್ ಫೈನಲ್‌ನಲ್ಲಿ ಎಂಜಿನಿಯರ್ಸ್‌ನ ಲೆಫ್ಟಿನೆಂಟ್ ಎಡ್ಮಂಡ್ ಕ್ರೆಸ್ವೆಲ್‌ಗೆ ಆಟ ಶುರುವಾದ ಹತ್ತು ನಿಮಿಷಕ್ಕೇ ಕೊರಳೆಲುಬು ಮುರಿಯಿತು. ಬದಲಿ ಆಟಗಾರನನ್ನು ಇಳಿಸುವ ಪದ್ಧತಿ ಆಗ ಇರಲಿಲ್ಲ. ಆತ ಮೈದಾನ ಬಿಡಲಿಲ್ಲ. ತೋಳು ಎತ್ತಲಾಗದೆ ಕೊನೆಯವರೆಗೂ ನಿಂತ. ತಂಡ 1-0ರಿಂದ ಸೋತಿತು. ಆ ನೋವಿನಲ್ಲಿ ನಿಂತದ್ದು ಪ್ರೀತಿಯೇ, ಅದನ್ನು ಲೆಕ್ಕದ ಪುಸ್ತಕದಿಂದ ವಿವರಿಸಲಾಗದು. ನನ್ನ ಸಿಟ್ಟು ಇರುವುದು ಆ ಪ್ರೀತಿಯನ್ನು ಹವ್ಯಾಸಿಗಳ ಸ್ವಂತ ಆಸ್ತಿ ಮಾಡಿದವರ ಮೇಲೆ. ಅರ್ಧ ದಿನದ ಕೂಲಿ ಬಿಟ್ಟು, ಮೇಸ್ತ್ರಿಯ ಬೈಗುಳ ತಿಂದು ಆಡಲು ಬಂದ ನೂಲುವವನ ಪ್ರೀತಿ ಅದಕ್ಕಿಂತ ಕಡಿಮೆಯೆಂದು ಯಾವ ತಕ್ಕಡಿ ಹೇಳಿತು?

ಬಿಡುವು ಯಾರದು ಎಂಬ ಪ್ರಶ್ನೆಯನ್ನು ಕೆನ್ಯನ್-ಸ್ಲೇನಿಯ ಮನೆಯಲ್ಲಿಯೇ ಒಬ್ಬರು ಕೇಳಿದ್ದರು, ಆತ ಹುಟ್ಟುವುದಕ್ಕೂ ಮೊದಲು. ತಾಯಿಯ ತಂದೆ ರಾಬರ್ಟ್ ಅಗ್ಲಿಯನ್‌ಬಿ ಸ್ಲೇನಿ, ಶ್ರೂಸ್‌ಬರಿಯ ಸಂಸತ್ ಸದಸ್ಯ. 1833ರಲ್ಲಿ ಸಾರ್ವಜನಿಕ ವಿಹಾರ ಸ್ಥಳಗಳ ಕುರಿತು ಸಂಸತ್ತು ನೇಮಿಸಿದ ಸಮಿತಿಯ ಮುಂದಾಳು ಆತ. ಬೆಳೆಯುತ್ತಿದ್ದ ಗಿರಣಿ ಊರುಗಳಲ್ಲಿ ಬಯಲೆಲ್ಲ ಬೇಲಿಗೂ ಕಟ್ಟಡಕ್ಕೂ ಸಿಕ್ಕಿಹೋಗಿದೆ, ದುಡಿಯುವವನಿಗೆ ವಾರಕ್ಕೊಮ್ಮೆ ಹೆಂಡತಿ ಮಕ್ಕಳೊಂದಿಗೆ ಕಾಲಾಡಿಸಲೂ ಜಾಗವಿಲ್ಲ ಎಂದು ಆ ಸಮಿತಿ ವರದಿ ಮಾಡಿತು. 1862ರಲ್ಲಿ ಆ ಅಜ್ಜ ತೀರಿಕೊಂಡಾಗ ಕೆನ್ಯನ್ ಕುಟುಂಬ ತನ್ನ ಹೆಸರಿಗೆ 'ಸ್ಲೇನಿ' ಸೇರಿಸಿಕೊಂಡಿತು. ಜಮೀನು ಬಂದದ್ದೂ ಆ ಕಡೆಯಿಂದ. ಬಯಲು ಯಾರಿಗೆ ಸೇರಬೇಕು ಎಂದು ಕೇಳಿದವನ ಹೆಸರನ್ನು ಹೊತ್ತುಕೊಂಡೇ ಮೊಮ್ಮಗ ಓವಲ್‌ಗೆ ಇಳಿದ. ಆತನ ಬಗ್ಗೆ ಬರೆದವರು ರಾಜಕೋಟನ್ನು ಮರೆಯದೆ ಹೇಳುತ್ತಾರೆ, ಈ ಅಜ್ಜನನ್ನು ಹೇಳುವುದಿಲ್ಲ. ನನಗೆ ಇದು ಆ ಬದುಕಿನ ಅತಿ ಮುಖ್ಯ ಸಂಗತಿ.

ಉಳಿದದ್ದನ್ನು ಬೇಗ ಹೇಳಬಹುದು. 1882ರ ಸೆಪ್ಟೆಂಬರ್ 13ರಂದು ಈಜಿಪ್ಟಿನ ತೆಲ್-ಎಲ್-ಕಬೀರ್ ಯುದ್ಧದಲ್ಲಿ ಆತ ಇದ್ದ. ಗಾರ್ಡ್ಸ್ ಬ್ರಿಗೇಡ್ ಅಂದು ಎರಡನೆಯ ಸಾಲಿನಲ್ಲಿತ್ತು. ಅದೇ ಯುದ್ಧದಲ್ಲಿ ಭಾರತದಿಂದ ಕಳಿಸಿದ ಪಡೆಯೂ ಇತ್ತು. ಅದರ ಜೊತೆ ಹೋದ ಮದ್ರಾಸ್ ಸ್ಯಾಪರ್ಸ್‌ನ ಕೇಂದ್ರ ನಮ್ಮ ಬೆಂಗಳೂರು. ಹಲಸೂರಿನ ಆ ದಳದ ಯುದ್ಧ ಗೌರವಗಳ ಪಟ್ಟಿಯಲ್ಲಿ ತೆಲ್-ಎಲ್-ಕಬೀರ್ ಇಂದಿಗೂ ಇದೆ. ಆ ದಂಡಯಾತ್ರೆಯ ಖರ್ಚಿನ ಒಂದು ಪಾಲನ್ನು ಭಾರತದ ಬೊಕ್ಕಸದ ಮೇಲೆ ಹೊರಿಸಲಾಯಿತು. ಆಮೇಲೆ ಕೆನ್ಯನ್-ಸ್ಲೇನಿ 1886ರಿಂದ 1908ರಲ್ಲಿ ಸಾಯುವವರೆಗೂ ನ್ಯೂಪೋರ್ಟ್ ಕ್ಷೇತ್ರದ ಕನ್ಸರ್ವೇಟಿವ್ ಸಂಸತ್ ಸದಸ್ಯ. 1902ರ ಶಿಕ್ಷಣ ಕಾಯ್ದೆಯಲ್ಲಿ ಆತನ ಹೆಸರಿನ ಒಂದು ತಿದ್ದುಪಡಿ ಇದೆ: ಚರ್ಚ್ ಶಾಲೆಗಳಲ್ಲಿ ಮತಬೋಧನೆ ಪಾದ್ರಿಯೊಬ್ಬನ ಇಚ್ಛೆಗೆ ಬಿಟ್ಟದ್ದಲ್ಲ, ಆಡಳಿತ ಮಂಡಳಿಯ ಕೈಯಲ್ಲಿರಬೇಕು ಎಂಬುದು. ತನ್ನದೇ ಚರ್ಚಿನ ಅನೇಕ ಪಾದ್ರಿಗಳ ಕೋಪ ಕಟ್ಟಿಕೊಂಡು ತಂದ ಮಾತು ಅದು. ಗೋಲಿಗಿಂತ ಅದಕ್ಕೆ ಹೆಚ್ಚು ಧೈರ್ಯ ಬೇಕಿತ್ತು ಎಂದು ನಾನು ನಂಬುತ್ತೇನೆ.

ಭಾರತ ಮತ್ತು ಆ ಮೊದಲ ಗೋಲಿನ ದಿನ, ಇವೆರಡನ್ನೂ ಜೋಡಿಸಲೇಬೇಕು ಎನ್ನುವವರಿಗೆ ನನ್ನ ಬಳಿ ಬೇರೊಂದು ಹೆಸರಿದೆ. ಆ ದಿನ ಇಂಗ್ಲೆಂಡಿನ ರಕ್ಷಣೆಯಲ್ಲಿ ಆಡಿದ ಲೆಫ್ಟಿನೆಂಟ್ ಆಲ್‌ಫ್ರೆಡ್ ಗುಡ್ವಿನ್, ರಾಯಲ್ ಎಂಜಿನಿಯರ್ಸ್. ಆತನೂ ಇಂಗ್ಲೆಂಡಿಗೆ ಆಡಿದ್ದು ಅದೊಂದೇ ಪಂದ್ಯ. ಅದಾದ ಮೇಲೆ ಆತನನ್ನು ಭಾರತಕ್ಕೆ ಕಳಿಸಿದರು, ರೂರ್ಕಿಗೆ. ಅಲ್ಲಿ ಆತನಿಗೆ ಸಂಬಳ ಬರುತ್ತಿದ್ದದ್ದು ಭಾರತದ ಬೊಕ್ಕಸದಿಂದ. 1874ರ ಮಾರ್ಚಿನಲ್ಲಿ, ಓವಲ್ ಪಂದ್ಯಕ್ಕೆ ಒಂದು ವರ್ಷ ತುಂಬಿದ ತಿಂಗಳಲ್ಲಿ, ಆತ ರೂರ್ಕಿಯಲ್ಲೇ ತೀರಿಕೊಂಡ. ಅಂತರರಾಷ್ಟ್ರೀಯ ಪಂದ್ಯ ಆಡಿದವರಲ್ಲಿ ಮೊದಲು ಸತ್ತವನು ಆತ. ಅದೇ ತಿಂಗಳು ಆತನ ಹಳೆಯ ತಂಡ ಓವಲ್‌ನಲ್ಲಿ ಮತ್ತೊಂದು ಕಪ್ ಫೈನಲ್ ಆಡುತ್ತಿತ್ತು.